ಜೇನಕ್ಕನ ಕೋಳಿ ನೋಟ

ಜೇನಕ್ಕನ ಎಡಗಣ್ಣಿನ ಕರಿಗುಡ್ಡೆ ಮೇಲೆ ಒಂದು ಬಿಳೀ ಪೊರೆ ಇತ್ತು. ಕಾಯ್ಸಿದ ಹಾಲು ಆರೋಕೆ ಇಟ್ರೆ ಮೇಲೆ ಕೆನೆ ಕಟ್ಟಲ್ವಾ, ಹಂಗೆ. ಅದಕ್ಕೇ ಅವರು ಯಾರನ್ನೂ ನೆಟ್ಟಗೆ ನೋಡ್ತಿರ್ಲಿಲ್ಲ. ಕತ್ತನ್ನ ಎಡಕ್ಕೆ ತಿರುಗ್ಸಿ, ಚೆನ್ನಾಗಿರೋ ಬಲಗಣ್ಣನ್ನ ಮುಂದಕ್ಕೆ ತಂದು, ಹುಳ ಕಂಡ ಕೋಳಿ ಥರ ನೋಡೋರು. ಅದಕ್ಕೆ ಕೋಳಿ ನೋಟ ಅಂತ ಹೆಸರಿಟ್ಟೋನು ನಾನು. ಹೆಸರಿಡೋದ್ರಲ್ಲಿ ಉದಯಗಿರೀಲಿ ನನ್ನ ಮೀರ್ಸೋರು ಇನ್ನೂ ಹುಟ್ಟಿಲ್ಲ ಬಿಡಿ.

ನಾನು ಯಾರು ಅಂತ ಹೇಳ್ಬುಡ್ತೀನಿ. ಮೈಸೂರಿನ ಉದಯಗಿರಿ ಒಳರಸ್ತೇಲಿ ನಲವತ್ತು ವರ್ಷದಿಂದ ಗ್ರಿಲ್ಲು ಗೇಟು ವೆಲ್ಡಿಂಗ್ ಮಾಡ್ಕೊಂಡಿರೋನು. ಲಕ್ಷ್ಮೀಪುರಂನಲ್ಲಾಗಲಿ ಜಯಲಕ್ಷ್ಮಿಪುರಂನಲ್ಲಾಗಲಿ ಕಿರ್ ಅನ್ನದೆ ತೆಗೆಯೋ ಗೇಟ್ ಕಂಡ್ರೆ ಅದು ನನ್ನ ಕೈಕೆಲಸ ಅಂತ ತಿಳ್ಕೊಳಿ. ಕಿರ್ ಅಂದ್ರೆ ಬೇರೆಯವರದು. ಇದು ನನ್ನ ಒಂದು ಕಸುಬು. ಇನ್ನೊಂದು ಕಸುಬು ಜನರನ್ನ ಯಾಮಾರ್ಸೋದು. ಅಂಗಡಿ ಮುಂದಿನ ಚರಂಡಿ ಮುಚ್ಚಳಕ್ಕೆ ಒಂದು ರೂಪಾಯಿ ನಾಣ್ಯ ವೆಲ್ಡ್ ಮಾಡ್ಬುಟ್ಟು ಒಳಗೆ ಕೂತ್ಕೊಂಡು ನೋಡ್ತಿದ್ದೆ. ಎಂಥೆಂಥೋರು ಬಗ್ಗಿದಾರೆ ಅಂತೀರಿ. ಇಸ್ತ್ರಿ ಶರ್ಟಿನೋರು, ಮದುವೆಗೆ ಹೊರಟೋರು, ಲಾಠಿ ಹಿಡಿದೋರೂ ಬಗ್ಗಿದಾರೆ. ಎಲ್ರೂ ಉಗುರಲ್ಲಿ ಕೆರೆದು, ಅತ್ತ ಇತ್ತ ನೋಡಿ, ಚಪ್ಪಲಿ ಸರಿ ಮಾಡ್ಕೊಳ್ಳೋ ನಾಟಕ ಮಾಡ್ಕೊಂಡು ಹೋಗೋರೆ. 

ಬಗ್ಗದೆ ಇದ್ದೋರು ಒಬ್ರೇ. ಎದುರುಗಡೆ ಅಂಗಡಿ ಜೇನಕ್ಕ. ಕೋಳಿ ನೋಟದಲ್ಲಿ ನಾಣ್ಯ ನೋಡಿದ್ರು, ಆಮೇಲೆ ನನ್ನ ಕಡೆ ನೋಡಿದ್ರು. "ಮೇಸ್ತ್ರಿ, ವೆಲ್ಡಿಂಗ್ ರಾಡು ವೇಸ್ಟ್ ಮಾಡ್ಬೇಡಿ" ಅಂದ್ಬುಟ್ಟು ಸೀರೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಹೊರಟೋದ್ರು. ಅವತ್ತೇ ತೀರ್ಮಾನ ಮಾಡ್ದೆ, ಈಯಮ್ಮನ್ನ ಒಂದು ಸಲನಾದ್ರೂ ಯಾಮಾರ್ಸದೆ ಸಾಯಬಾರದು ಅಂತ. ಅದಕ್ಕೆ ಇಪ್ಪತ್ತು ವರ್ಷ ಹಿಡೀತು. ಹೆಂಗೆ ಆಯ್ತು, ಅದರಿಂದ ನನ್ನ ಬಲಗಣ್ಣು ಹೆಂಗೆ ಹೋಗೋದ್ರಲ್ಲಿತ್ತು ಅನ್ನೋದನ್ನೇ ಈಗ ಹೇಳ್ತಿರೋದು.

ಜೇನಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡೋರು. ಗಂಡ ತೀರ್ಕೊಂಡ ಮೇಲೆ ತಿ. ನರಸೀಪುರದ ಕಡೆ ಹಳ್ಳಿಯಿಂದ ಎರಡು ಜೇನುಪೆಟ್ಟಿಗೆ ತಗೊಂಡು ಮೈಸೂರಿಗೆ ಬಂದೋರು. ಉದಯಗಿರೀಲಿ ಪೆಟ್ಟಿಗೆ ಇಡೋಕೆ ಜಾಗ ಎಲ್ಲಿದೆ? ಮನೆಗೆ ಮನೆ ಅಂಟ್ಕೊಂಡಿದೆ. ಅದಕ್ಕೆ ಜಯಲಕ್ಷ್ಮಿಪುರಂನಲ್ಲಿ ಹಿತ್ತಲು ದೊಡ್ಡದಿರೋ ಮನೆಗಳ ಬಾಗಿಲು ತಟ್ಟಿ, "ನಿಮ್ಮ ಮಾವಿನ ಮರದ ಕೆಳಗೆ ಒಂದು ಪೆಟ್ಟಿಗೆ ಇಟ್ಕೊಳ್ಲಾ, ಜೇನು ತೆಗೆದಾಗೆಲ್ಲ ನಿಮಗೊಂದು ಬಾಟಲು" ಅಂತ ಕೇಳಿ ಕೇಳಿ ಹತ್ತು ಹನ್ನೆರಡು ಹಿತ್ತಲು ಹಿಡಿದಿದ್ರು. ಪೆಟ್ಟಿಗೆ ಸಾಗ್ಸೋದು ಸಿಟಿ ಬಸ್ಸಲ್ಲಿ. ಒದ್ದೆ ಸೀರೆ ತುಂಡು ಸುತ್ತಿ, ಮಗು ಥರ ತೊಡೆ ಮೇಲಿಟ್ಕೊಂಡು ಕೂತ್ಕೊಳ್ಳೋರು. ಒಳಗೆ ಏನಿದೆ ಅಂತ ಕಂಡಕ್ಟರ್ ಕೇಳಿದ್ರೆ "ದುಡಿಯೋ ಹೆಂಗಸರು" ಅನ್ನೋರು.

ಒಂದ್ಸಲ ನಾನೂ ಅದೇ ಬಸ್ಸಲ್ಲಿದ್ದೆ. ನಿಲ್ಲೋಕೂ ಜಾಗ ಇಲ್ಲ. ಮೂಗಲ್ಲೇ ಗುಂಯ್ ಅಂತ ಸಣ್ಣಗೆ ಶುರು ಮಾಡ್ದೆ. ಮೊದಲು ಒಬ್ಳು ತಲೆ ಮೇಲೆ ಸೆರಗು ಹಾಕ್ಕೊಂಡ್ಳು. ಆಮೇಲೆ ಯಾರೋ "ಪೆಟ್ಟಿಗೆ ಬಿಚ್ಕೊಂಡಿದೆ!" ಅಂತ ಕೂಗ್ಬುಟ್ರು. ಮುಂದಿನ ಸ್ಟಾಪಲ್ಲಿ ಅರ್ಧ ಬಸ್ಸು ಖಾಲಿ. ನಾನು ಆರಾಮಾಗಿ ಜೇನಕ್ಕನ ಪಕ್ಕ ಕೂತೆ. ಅವರು ಕಿಟಕಿ ಕಡೆ ನೋಡ್ಕೊಂಡೇ ಅಂದ್ರು: "ನನ್ನ ಹುಳ ಇಷ್ಟು ಕೆಟ್ಟದಾಗಿ ಹಾಡಲ್ಲ ಮೇಸ್ತ್ರಿ."

ಇನ್ನೊಂದ್ಸಲ ಬೆಲ್ಲದ ಪಾಕ ಕಾಯ್ಸಿ, ಬಾಟ್ಲಿಗೆ ಹಾಕಿ, "ಕಾಡಿನ ಜೇನು, ನಮ್ಮ ನೆಂಟರು ತಂದಿದಾರೆ, ಹೆಂಗಿದೆ ನೋಡಿ" ಅಂತ ಕೊಟ್ಟೆ. ಮುಚ್ಚಳನೂ ತೆಗೀಲಿಲ್ಲ. ಬಾಟ್ಲಿ ತಲೆಕೆಳಗು ಮಾಡಿ, ಒಳಗಿನ ಗುಳ್ಳೆ ಮೇಲಕ್ಕೆ ಓಡೋದನ್ನ ನೋಡಿ, ವಾಪಸ್ ಕೈಗಿಟ್ರು. "ನಿಮ್ಮ ನೆಂಟರು ಅವಸರದಲ್ಲಿದಾರೆ. ಜೇನು ಇಷ್ಟು ಓಡಲ್ಲ. ಪಾಯಸಕ್ಕೆ ಹಾಕ್ಕೊಳಿ."

ಇಂಥೋರ ಹತ್ರ ಒಂದು ಪದ್ಧತಿ ಇತ್ತು. ಯಾರೇ ಜೇನು ಕೇಳಿದ್ರೂ ಮೊದಲು "ಯಾವುದಕ್ಕೆ?" ಅಂತ ಕೇಳೋರು. ಬಾಯಿಗೆ ಅಂದ್ರೆ ದೊಡ್ಡ ಡಬ್ಬದಿಂದ. ದೇವರಿಗೆ ಅಂದ್ರೆ ಕೈ ತೊಳ್ಕೊಂಡು, ಮೇಲಿನ ಹಲಗೆ ಮೇಲಿದ್ದ ಬಾಟ್ಲಿಯಿಂದ. ಸುಟ್ಟ ಗಾಯಕ್ಕೆ ಅಂದ್ರೆ "ತಣ್ಣೀರು ಹಾಕಿದ್ರಾ, ಗುಳ್ಳೆ ಒಡೆದಿದೆಯಾ, ಡಾಕ್ಟರ ಹತ್ರ ಹೋಗೋ ಅಷ್ಟಿದೆಯಾ" ಅಂತ ಹತ್ತು ಪ್ರಶ್ನೆ. ಕಣ್ಣಿಗೆ ಅಂದ್ರೆ ಮಾತ್ರ ಡಬ್ಬ ಮುಟ್ತಾನೇ ಇರ್ಲಿಲ್ಲ. ಅಂಗಡಿ ಮುಂದೆ ಒಂದು ಮರದ ಪೆಟ್ಟಿಗೆ ಬೋರಲು ಹಾಕಿತ್ತು. ಅದರ ಮೇಲೆ ಕೂರ್ಸಿ, ಗಲ್ಲ ಹಿಡಿದು ಮುಖನ ಬೆಳಕಿಗೆ ತಿರುಗ್ಸಿ, ಕೋಳಿ ನೋಟದಲ್ಲಿ ಕರಿಗುಡ್ಡೆ ಮೇಲೆ ಹುಡುಕೋರು. ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡ್ರೂ ಸಾಕು, ತಾವೇ ರಸ್ತೆಗಿಳಿದು ಆಟೋ ನಿಲ್ಸೋರು. ಚುಕ್ಕೆ ಇಲ್ಲ, ರೆಪ್ಪೆ ಅಂಚು ಕೆರೀತಿದೆ, ಬೆಳಗ್ಗೆ ಎದ್ರೆ ಅಂಟ್ಕೊಂಡಿರುತ್ತೆ ಅಂದ್ರೆ, "ಉಗುರುಬೆಚ್ಚಗಿನ ನೀರಲ್ಲಿ ಒಗೆದ ಬಟ್ಟೆ ಅದ್ದಿ ಮುಚ್ಚಿದ ರೆಪ್ಪೆ ಮೇಲೆ ಇಟ್ಕೊಳಿ, ನಾಳೇನೇ ಕಣ್ಣಿನ ಡಾಕ್ಟರ್‌ಗೆ ತೋರ್ಸಿ" ಅಂತ ಕಳ್ಸೋರು.

ಬಂದೋರಿಗೆ ಸಿಟ್ಟು ಬರ್ತಿತ್ತು. ಲಕ್ಷ್ಮೀಪುರಂನಿಂದ ಬಂದ ಒಬ್ಬ ಯಜಮಾನರು ಒಂದ್ಸಲ ರೇಗ್ಬುಟ್ರು. "ಅಲ್ಲಮ್ಮ, ನಮ್ಮ ತಾತನ ಕಾಲದಿಂದ ಕಣ್ಣಿಗೆ ಜೇನು ಬಿಡ್ತಾರೆ. ನೀನು ಜೇನು ಮಾರೋಳಾಗಿ ಕೊಡಲ್ಲ ಅಂತೀಯಲ್ಲ?"

"ಜೇನು ಒಳ್ಳೇದೇ ಸ್ವಾಮಿ. ನನ್ನ ಡಬ್ಬ ಒಳ್ಳೇದಲ್ಲ. ಇದರಲ್ಲಿ ಹುಳದ ಕಾಲಿದೆ, ಹೂವಿನ ಧೂಳಿದೆ, ನನ್ನ ಕೈ ಕೊಳೆನೂ ಇದೆ. ತಿಂದ್ರೆ ಹೊಟ್ಟೆ ಅರಗ್ಸ್ಕೊಳುತ್ತೆ. ಕಣ್ಣಿಗೆ ಹೊಟ್ಟೆ ಇಲ್ಲ."

ಕಣ್ಣಿಗೆ ಹೊಟ್ಟೆ ಇಲ್ಲ. ಈ ಮಾತನ್ನ ನಾನು ಅವರ ದನೀಲೇ, ಅವರ ಕೋಳಿ ನೋಟದ ಸಮೇತ, ನಮ್ಮ ಬೀದೀಲೆಲ್ಲ ಮಾಡಿ ತೋರ್ಸ್ತಿದ್ದೆ. ಜನ ಬಿದ್ದು ಬಿದ್ದು ನಗೋರು. ಒಂದಿನ ಅವರೇ ಹಿಂದೆ ನಿಂತು ನೋಡಿದ್ರು. "ಕತ್ತು ಇನ್ನೊಂಚೂರು ಎಡಕ್ಕೆ ಮೇಸ್ತ್ರಿ" ಅಂದ್ರು ಅಷ್ಟೇ. ಆ ಕಣ್ಣು ಹೆಂಗೆ ಹಂಗಾಯ್ತು ಅಂತ ನಾನು ಕೇಳ್ಲೂ ಇಲ್ಲ, ಅವರು ಹೇಳ್ಲೂ ಇಲ್ಲ.

ನಾಲ್ಕೈದು ವರ್ಷದ ಹಿಂದಿನ ಬೇಸಿಗೆ. ಒಂದು ಗೇಟಿನ ಬೆಸುಗೆ ಉಜ್ಜುತಿದ್ದೆ, ಗ್ರೈಂಡರ್‌ನಲ್ಲಿ. ಕನ್ನಡಕ ಹಣೆ ಮೇಲಿತ್ತು. ನಲವತ್ತು ವರ್ಷದಿಂದ ಹಣೆ ಮೇಲೇ ಇರೋದು ಅದು. ಬಲಗಣ್ಣಿಗೆ ಚುರ್ ಅಂತು. ನಮ್ಮ ಕಸುಬಲ್ಲಿ ಇದಕ್ಕೆಲ್ಲ ಯಾರೂ ಆಸ್ಪತ್ರೆಗೆ ಹೋಗಲ್ಲ. ಪಕ್ಕದ ಲೇತ್ ಅಂಗಡಿಯವನು ರೆಪ್ಪೆ ಮಗುಚಿ, ಬೆಂಕಿಕಡ್ಡಿ ತುದೀಗೆ ಹತ್ತಿ ಸುತ್ತಿ ತೆಗೀತಾನೆ. ಅವನ ಕಣ್ಣಿಗೆ ಬಿದ್ರೆ ನಾನು ತೆಗೀತೀನಿ. ಅವತ್ತೂ "ಬಂತು ಬಂತು" ಅಂದ. ಆದ್ರೆ ಸಾಯಂಕಾಲಕ್ಕೆ ಕಣ್ಣು ಕೆಂಪು, ನೀರು ಸುರೀತಿದೆ.

ಬಲಗಣ್ಣು ಅಂದ್ರೆ ನನಗೆ ಬರೀ ಕಣ್ಣಲ್ಲ. ಪೈಪು ನೆಟ್ಟಗಿದೆಯಾ ಅಂತ ಎಡಗಣ್ಣು ಮುಚ್ಚಿ ನೋಡೋದು ಅದರಲ್ಲೇ. ಮಟ್ಟದ ಕೋಲು ಬೇಡ, ದಾರ ಬೇಡ, ಕೂದಲೆಳೆ ಸೊಟ್ಟ ಇದ್ರೂ ಹೇಳ್ತಿದ್ದೆ. ಅಂಥ ಕಣ್ಣಿಗೆ ಔಷಧಿ ಬೇಕಲ್ಲ. ಊರಲ್ಲಿ ನಮ್ಮವ್ವ ಕಣ್ಣು ಕೆಂಪಾದ್ರೆ ಜೇನು ಬಿಡೋಳು. ಉರಿದು, ನೀರು ಸುರಿದು, ಕೆಂಪು ಇಳಿಯೋದು. ಸರಿ, ಜೇನು ಎದುರುಗಡೆನೇ ಇದೆ. ಆದ್ರೆ ಕಣ್ಣಿಗೆ ಅಂದ್ರೆ ಈಯಮ್ಮ ಕೊಡಲ್ಲ. ಬಾಯಿಗೆ ಅಂದ್ರೆ ದೊಡ್ಡ ಡಬ್ಬದ್ದು ಕೊಡ್ತಾರೆ. ನನಗೆ ಬೇಕಾಗಿದ್ದು ಮೇಲಿನ ಹಲಗೆದು.

ಮಾರನೇ ದಿನ ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳ್ಕೊಂಡು, ಕಪ್ಪು ಕನ್ನಡಕ ಹಾಕ್ಕೊಂಡು, ತೊಳೆದ ಸ್ಟೀಲ್ ಬಟ್ಟಲು ಹಿಡಿದು ಹೋದೆ.

"ಯಾವುದಕ್ಕೆ ಮೇಸ್ತ್ರಿ?"

"ನಾಳೆ ಮನೇಲಿ ಸತ್ಯನಾರಾಯಣ ಪೂಜೆ ಜೇನಕ್ಕ. ಪಂಚಾಮೃತಕ್ಕೆ."

"ನೀವಾ? ಪೂಜೆನಾ?"

"ವಯಸ್ಸಾಯ್ತಲ್ಲ. ಮೇಲೆ ಹೋದಾಗ ಒಂದು ಗುರುತು ಪರಿಚಯ ಇರ್ಲಿ ಅಂತ."

ನಕ್ರು. ಕೈ ತೊಳ್ಕೊಂಡು, ಮೇಲಿನ ಬಾಟ್ಲಿಯಿಂದ ಬಟ್ಟಲಿಗೆ ಬಗ್ಸಿ, ಬಟ್ಟಲನ್ನ ಒಂದ್ಸಲ ಕಣ್ಣಿಗೊತ್ಕೊಂಡು ಕೊಟ್ರು. ಕಪ್ಪು ಕನ್ನಡಕ ಯಾಕೆ ಅಂತ ಕೇಳ್ಲೇ ಇಲ್ಲ. ರಸ್ತೆ ದಾಟೋವಾಗ ಕುಣೀಬೇಕು ಅನ್ನಿಸ್ತು ನನಗೆ.

ಮೂರು ದಿನ, ಬೆಳಗ್ಗೆ ಒಂದು ತೊಟ್ಟು, ಸಾಯಂಕಾಲ ಒಂದು ತೊಟ್ಟು. ಹಾಕಿದಾಗ ಮೆಣಸಿನಕಾಯಿ ಹಾಕ್ದಂಗೆ ಉರಿಯೋದು. ಆಮೇಲೆ ತಂಪಾಗೋದು. ವಾಸಿ ಆಗ್ತಿದೆ ಅಂತ ನಮ್ಮ ಮನೆಯವಳಿಗೆ ಹೇಳ್ದೆ. ಅವಳು "ಆಸ್ಪತ್ರೆಗೆ ಹೋಗಿ ಅಂದ್ರೆ" ಅಂದ್ಳು. "ನೀನು ಸುಮ್ನಿರು" ಅಂದೆ. ನಾಲ್ಕನೇ ದಿನ ಬೆಳಕು ನೋಡೋಕಾಗಲ್ಲ, ಪೈಪಿನ ತುದಿ ಎರಡೆರಡು ಕಾಣ್ತಿದೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ, ಕಣ್ಣಿಗಿಂತ ಜಾಸ್ತಿ ಹೊಟ್ಟೆ ಉರೀತಿತ್ತು. ಇಪ್ಪತ್ತು ವರ್ಷಕ್ಕೆ ಗೆದ್ದಿದೀನಿ, ಅದು ಅವರಿಗೇ ಗೊತ್ತಿಲ್ಲ! ಯಾಮಾರ್ಸಿ ಹೇಳ್ಕೊಳ್ದೆ ಇರೋದು ಉಪ್ಪಿಲ್ಲದ ಸಾರು ಕುಡ್ದಂಗೆ. ತಡ್ಕೊಳ್ಳೋಕಾಗ್ಲಿಲ್ಲ. ಹೋದೆ.

ಅಂಗಡೀಲಿ ನಾಲ್ಕು ಜನ ಗಿರಾಕಿ ಇದ್ರು. ಇನ್ನೂ ಒಳ್ಳೇದಾಯ್ತು ಅಂದ್ಕೊಂಡೆ.

"ಪೂಜೆ ಚೆನ್ನಾಗಾಯ್ತು ಜೇನಕ್ಕ."

"ಪ್ರಸಾದ ಎಲ್ಲಿ?"

"ದೇವರು ಎಲ್ಲಾ ತಾನೇ ಕುಡ್ದ್ಬುಟ್ಟ." ಕನ್ನಡಕ ತೆಗೆದೆ. "ಇಲ್ಲಿದಾನೆ ನೋಡಿ ದೇವರು! ಕಣ್ಣಿಗೆ ಹೊಟ್ಟೆ ಇಲ್ಲ ಅಂತಿದ್ರಲ್ಲ, ಮೂರು ದಿನದಿಂದ ಊಟ ಮಾಡ್ತಿದೆ. ಯಾಮಾರಿದ್ರಿ ಕಣ್ರೀ, ಕೊನೆಗೂ ಯಾಮಾರಿದ್ರಿ!"

ಗಿರಾಕಿಗಳು ನಕ್ರು. ಜೇನಕ್ಕನೂ ನಗ್ತಾರೆ, ಇಲ್ಲ ಬಯ್ತಾರೆ ಅಂತ ಕಾಯ್ತಿದ್ದೆ. ಎರಡೂ ಮಾಡ್ಲಿಲ್ಲ. ಈಚೆ ಬಂದು ನನ್ನ ತೋಳು ಹಿಡಿದ್ರು.

"ಕೂತ್ಕೊಳೋ."

ಇಪ್ಪತ್ತು ವರ್ಷದಲ್ಲಿ ನನಗೆ ಅವರು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಕೂತೆ. ಗಲ್ಲ ಹಿಡಿದು ಬಿಸಿಲಿಗೆ ತಿರುಗ್ಸಿದ್ರು.

"ಮೇಲೆ ನೋಡು. ಕೆಳಗೆ. ಏನು ಬಿದ್ದಿದ್ದು?"

"ಗ್ರೈಂಡರ್ ಕಿಡಿ."

"ಎಷ್ಟು ದಿನ?"

"ಇವತ್ತಿಗೆ ಐದು."

ಅವರು ಎದ್ದು ನಿಂತು ಶಟರ್‌ಗೆ ಕೈ ಹಾಕಿದ್ರು. ಗಿರಾಕಿಯೊಬ್ಬ "ಅಕ್ಕ, ನನಗೆ ಅರ್ಧ ಕೆಜಿ" ಅಂದ. "ಇವತ್ತು ಜೇನಿಲ್ಲ ಕಣಪ್ಪ" ಅಂದ್ರು, ಅವನೆದುರಿಗೇ ಹತ್ತು ಬಾಟ್ಲು ಇದ್ದಂಗೇ. ಆಟೋ ಬಂತು. ನನ್ನನ್ನ ಒಳಗೆ ತಳ್ಳಿ ಪಕ್ಕ ಕೂತು ನನ್ನ ಎರಡೂ ಮಣಿಕಟ್ಟು ಹಿಡ್ಕೊಂಡ್ರು, ಉಜ್ಜಬಾರದು ಅಂತ. "ಚುಕ್ಕೆ ಇದೆಯಾ?" ಅಂದೆ. "ಇದೆ" ಅಂದ್ರು.

ದಾರೀಲಿ ಅವರೇ ಹೇಳಿದ್ರು. ಮದುವೆಯಾದ ಮೂರನೇ ವರ್ಷ, ಕಣದಲ್ಲಿ ಭತ್ತ ತೂರುವಾಗ ಎಡಗಣ್ಣಿಗೆ ಹೊಟ್ಟು ಹೊಡೀತಂತೆ. ಹುಣಸೆ ಮರದ ಪೊಟರೆಯಿಂದ ತೆಗೆದ ಹೊಸ ಜೇನು, ತಾವೇ ಕಿತ್ತಿದ್ದು. ದಿನಾ ಬಿಡೋರು. ಉರಿದು ತಂಪಾಗೋದು. ತಂಪಾಯ್ತಲ್ಲ, ವಾಸಿ ಆಗ್ತಿದೆ ಅಂತ ಹದಿನೈದು ದಿನ ಕೂತ್ರಂತೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ಕರಿಗುಡ್ಡೆ ಬೆಳ್ಳಗಾಗಿತ್ತು.

"ಜೇನಿನ ತಪ್ಪಲ್ಲ ಮೇಸ್ತ್ರಿ. ಜೇನು ಬಿಟ್ಕೊಂಡು ಕೂತಿದ್ದು ತಪ್ಪು."

ನಾನು ಆ ಕಣ್ಣಿನ ನಾಟಕ ಆಡ್ಕೊಂಡು ಬೀದಿ ನಗ್ಸಿದ್ದೆ.

ಕಣ್ಣಾಸ್ಪತ್ರೇಲಿ ಡಾಕ್ಟರಮ್ಮ ಚಿಕ್ಕ ವಯಸ್ಸಿನೋರು. ಗಲ್ಲ ಒಂದು ಯಂತ್ರದ ಮೇಲೆ ಇಡ್ಸಿ, ಬೆಳಕು ಬಿಟ್ಟು ನೋಡಿದ್ರು. ಕಬ್ಬಿಣದ ಚೂರು ಇನ್ನೂ ಅಲ್ಲೇ ಇದೆ, ಸುತ್ತ ಬಳೆ ಥರ ತುಕ್ಕು ಹಿಡಿದಿದೆ, ಪಕ್ಕದಲ್ಲಿ ಹುಣ್ಣಾಗಿದೆ ಅಂದ್ರು. ನೋಡಿ ಹೆಂಗಿದೆ. ಊರಿನ ಗೇಟಿಗೆಲ್ಲ ತುಕ್ಕು ಹಿಡೀದಂಗೆ ರೆಡ್ ಆಕ್ಸೈಡ್ ಬಳಿಯೋನ ಕಣ್ಣಿಗೇ ತುಕ್ಕು.

"ಇದಕ್ಕೆ ಏನಾದ್ರೂ ಹಾಕಿದ್ರಾ?" ಅಂತ ಕೇಳಿದ್ರು.

ನಾನು ಇಲ್ಲ ಅನ್ನೋದ್ರಲ್ಲಿದ್ದೆ. ಹಿಂದೆ ನಿಂತಿದ್ದ ಜೇನಕ್ಕ, "ಜೇನು ಹಾಕಿದಾರೆ. ಕೊಟ್ಟೋಳು ನಾನೇ ಡಾಕ್ಟ್ರೇ. ಬಯ್ಯೋದಿದ್ರೆ ನನ್ನನ್ನ ಬಯ್ರಿ" ಅಂದ್ರು.

ಮೋಸ ಮಾಡಿದ್ದು ನಾನು ಅಂತ ಹೇಳ್ಬೋದಿತ್ತು ಅವರು. ಹೇಳ್ಲಿಲ್ಲ. ನಾನೇ ಹೇಳ್ದೆ, ಪೂಜೆ ಕಥೆ ಎಲ್ಲಾ. ಡಾಕ್ಟರಮ್ಮ ಇಬ್ಬರನ್ನೂ ಒಂದೊಂದ್ಸಲ ನೋಡಿ, ಬಯ್ಲಿಲ್ಲ. "ಜೇನಲ್ಲಿ ಗುಣ ಇದೆ, ಇಲ್ಲ ಅನ್ನಲ್ಲ. ಕಣ್ಣಿಗೆ ಅಂತ ಶುದ್ಧ ಮಾಡಿದ್ದೇ ಬೇರೆ ಬರುತ್ತೆ, ಅದೂ ಎಲ್ಲಾ ಕಾಯಿಲೆಗಲ್ಲ. ಗಾಯ ಆದ ಕಣ್ಣಿಗೆ ಬಾಟ್ಲಿ ಜೇನು ಹಾಕಿದ್ರೆ, ಅದರ ಜೊತೆ ಏನೇನು ಹೋಗುತ್ತೋ ಯಾರಿಗೆ ಗೊತ್ತು? ಇನ್ನೆರಡು ದಿನ ತಡ ಮಾಡಿದ್ರೆ…" ಅಂದು, ಜೇನಕ್ಕನ ಎಡಗಣ್ಣು ಕಂಡು ಅಲ್ಲಿಗೇ ನಿಲ್ಸಿದ್ರು.

ಚೂರು ತೆಗೆದು, ತುಕ್ಕು ಕೆರೆದು, ಗಂಟೆಗೊಂದ್ಸಲ ಬಿಡೋಕೆ ಡ್ರಾಪ್ಸ್ ಕೊಟ್ರು. ಹಗಲು ಹೊತ್ತು ಅಂಗಡಿ ಬಿಟ್ಟು ಗಂಟೆಗೊಂದ್ಸಲ ರಸ್ತೆ ದಾಟಿ ಬಂದು "ಹಾಕಿದ್ರಾ?" ಅಂತ ಕೇಳೋರು ಜೇನಕ್ಕ. ಮತ್ತೆ ಬಹುವಚನಕ್ಕೆ ವಾಪಸ್ ಹೋಗಿದ್ರು. ಒಂದ್ಸಲ ಹಾಕದೆನೇ ಹಾಕ್ದೆ ಅಂದೆ, ಚಾಳಿ ಎಲ್ಲಿ ಹೋಗುತ್ತೆ. ಅವರು ಕೋಳಿ ನೋಟದಲ್ಲಿ ಸೀಸೆ ನೋಡಿ, "ಆಗ್ಲೇ ಇದ್ದಷ್ಟೇ ಇದೆ. ಹಾಕ್ಕೊಳಿ ನನ್ನೆದುರಿಗೆ" ಅಂದ್ರು.

ಕಣ್ಣು ಉಳೀತು. ಪೂರ್ತಿ ಅಲ್ಲ. ನಟ್ಟನಡುವೆ ಒಂದು ಸಣ್ಣ ಕಲೆ ನಿಂತಿದೆ, ಸೊಳ್ಳೆ ಪರದೆ ಒಳಗಿಂದ ನೋಡ್ದಂಗೆ ಕಾಣುತ್ತೆ. ಪೈಪು ನೆಟ್ಟಗಿದೆಯಾ ಅಂತ ಈಗ ಎಡಗಣ್ಣಲ್ಲಿ ನೋಡ್ತೀನಿ. ಹುಣ್ಣು ಮಾಯ್ದು ಎಷ್ಟೋ ತಿಂಗಳಾದ ಮೇಲೆ, ಕಣ್ಣು ಒಣಗಿ ಮರಳು ಹಾಕ್ದಂಗಾಗ್ತಿದೆ ಅಂದಿದ್ದಕ್ಕೆ ಡಾಕ್ಟರಮ್ಮ ಬೇರೆ ಒಂದು ಸೀಸೆ ಬರೆದ್ರು. ಔಷಧಿ ಅಂಗಡಿಯವನು ಓದಿ ಹೇಳಿದ್ರೆ ಏನು? ಶುದ್ಧ ಮಾಡಿದ ಜೇನಿಂದ ಮಾಡಿರೋ ಕಣ್ಣಿನ ಡ್ರಾಪ್ಸ್! ಓಡಿದೆ ಜೇನಕ್ಕನ ಹತ್ರ. "ನೋಡ್ರೀ! ಗೆದ್ದೆ! ಕೊನೆಗೂ ಜೇನೇ ಬಿಟ್ರಲ್ಲ!"

ಅವರು ಸೀಸೆ ತಗೊಂಡು, ತುದಿ ತಗುಲದಂಗೆ ಒಂದು ತೊಟ್ಟು ಅಂಗೈ ಮೇಲೆ ಬಿಟ್ಕೊಂಡು ನೆಕ್ಕಿದ್ರು. ಕಣ್ಣಿನ ಔಷಧಿ ನೆಕ್ಕಿದ ಹೆಂಗಸು ಮೈಸೂರಲ್ಲಿ ಅವರೊಬ್ರೇ ಇರಬೇಕು.

"ಸಿಹಿ ಸಾಲ್ದು" ಅಂದ್ರು. "ಆದ್ರೆ ಚೊಕ್ಕಟವಾಗಿದೆ. ಹಾಕ್ಕೊಳಿ. ಸೀಸೆ ತೆಗೆದು ಎಷ್ಟು ದಿನಕ್ಕೆ ಬಿಸಾಕಬೇಕು ಅಂತ ಕೇಳಿದ್ರಾ?" ಕೇಳಿರ್ಲಿಲ್ಲ. ಹೋಗಿ ಕೇಳ್ಕೊಂಡು ಬಂದೆ.

ಆವತ್ತಿಂದ ಅವರ ಪದ್ಧತೀಲಿ ಒಂದು ಬದಲಾಯ್ತು. ದೇವರಿಗೆ ಅಂತ ಕೇಳಿದ್ರೂ ಮುಖ ಬೆಳಕಿಗೆ ತಿರುಗ್ಸಿ ನೋಡೋರು. ಪುರೋಹಿತರನ್ನೂ ಬಿಡ್ತಿರ್ಲಿಲ್ಲ. "ದೇವರ ಹೆಸರು ಕೇಳಿ ನಿಮ್ಮ ಮುಖ ನೋಡ್ಲಿಲ್ಲ ನಾನು. ಅದು ನನ್ನ ತಪ್ಪು" ಅಂದ್ರು ಒಂದಿನ. ಮಧ್ಯಾಹ್ನ ಕೆಲಸ ಇಲ್ದಾಗ ಎದುರು ಬದುರು ಕೂತು ಟೀ ಕುಡಿಯೋದು ಆಗ ಶುರುವಾಯ್ತು. ಅವರ ಎಡಗಣ್ಣು ಹೋಗಿದೆ, ನನ್ನ ಬಲಗಣ್ಣು ಮಂಜು. ಅವರು ಕತ್ತು ಎಡಕ್ಕೆ ತಿರುಗ್ಸೋರು, ನಾನು ಬಲಕ್ಕೆ. ಇಬ್ಬರೂ ಒಂದೇ ಕಡೆ ಮುಖ ಮಾಡ್ಕೊಂಡು ಮಾತಾಡ್ತಿದ್ವಿ. ಹೋಗೋ ಬರೋರು ಜಗಳ ಆಡಿದಾರೆ ಅಂದ್ಕೊಳ್ಳೋರು.

ನನ್ನ ಅಂಗಡಿ ಮುಂದೆ, ಶೀಟಿನ ನೆರಳಲ್ಲಿ ಮಾದರಿಗೆ ಅಂತ ನಿಲ್ಸಿರೋ ಒಂದು ಗೇಟಿದೆ. ಮೇಲಿನ ಪೈಪಿನ ಬಾಯಿಗೆ ಮುಚ್ಚಳ ಬೆಸೆಯೋದು ಮರ್ತಿದ್ದೆ. ಮರ್ತಿದ್ದೆ ಅಂತ ನಾನು ಒಪ್ಕೊಳ್ತಿರೋದು ಇಲ್ಲಿ ಮಾತ್ರ. ಅದರೊಳಗೆ ನಸರು ಜೇನು ಬಂದು ಸೇರ್ಕೊಂಡ್ವು, ಸೊಳ್ಳೆ ಗಾತ್ರದ್ದು, ಚುಚ್ಚೋಕೆ ಬರದೇ ಇರೋದು. ಕಂಡುಹಿಡಿದಿದ್ದು ಜೇನಕ್ಕ. "ಮೇಸ್ತ್ರಿ, ಮುಚ್ಚಬೇಡಿ. ಈ ಗೇಟು ಇನ್ನು ಮಾರೋಹಂಗಿಲ್ಲ" ಅಂದ್ರು. ಮಾರ್ಲಿಲ್ಲ. ಮೂರು ಜನ ಕೇಳಿದ್ರು, ಅಳತೆ ತಪ್ಪಿದೆ ಅಂತ ಸುಳ್ಳು ಹೇಳ್ದೆ. ನನ್ನ ಕೆಲಸಕ್ಕೆ ನಾನೇ ಹೆಸರು ಕೆಡಿಸ್ಕೊಂಡಿದ್ದೀನಿ ಅಂದ್ರೆ ನೀವೇ ಲೆಕ್ಕ ಹಾಕ್ಕೊಳಿ.

ಹೋದ ವರ್ಷ ಮಾಘದಲ್ಲಿ ಜೇನಕ್ಕ ಹೋದ್ರು. ಜಯಲಕ್ಷ್ಮಿಪುರಂನಲ್ಲಿ ಒಂದು ಹಿತ್ತಲಲ್ಲಿ ಪೆಟ್ಟಿಗೆ ನೋಡಿ, ಬಸ್ಸಲ್ಲಿ ಬಂದು, ಊಟ ಮಾಡಿ ಮಧ್ಯಾಹ್ನ ಮಲಗಿದೋರು ಏಳ್ಲಿಲ್ಲ. ಎದೆ ನಿಂತೋಗಿತ್ತು. ಪೆಟ್ಟಿಗೆಗಳನ್ನ ಹಿತ್ತಲಿನ ಮನೆಯವರೇ ಇಟ್ಕೊಂಡ್ರು. ಅವರ ಅಂಗಡೀಲಿ ಈಗ ಮೊಬೈಲ್ ಕವರ್ ಮಾರ್ತಾರೆ. ಬೋರಲು ಹಾಕ್ತಿದ್ದ ಮರದ ಪೆಟ್ಟಿಗೆ ಮಾತ್ರ ನಾನು ಎತ್ಕೊಂಡು ಬಂದೆ. ಮೂಲೆ ಸಡಿಲ ಆಗಿತ್ತು, ಕಬ್ಬಿಣದ ಪಟ್ಟಿ ಹಾಕಿದೀನಿ.

ಜನ ಇನ್ನೂ ಬರ್ತಾರೆ. "ಇಲ್ಲಿ ಜೇನು ಮಾರೋರು ಇದ್ರಲ್ಲ?" ಅಂತಾರೆ. ನಾನು "ಯಾವುದಕ್ಕೆ?" ಅಂತೀನಿ.

ಮೊನ್ನೆ ಟೈಲ್ಸ್ ಕತ್ತರಿಸೋ ಕೆಲಸದವನೊಬ್ಬ ಬಂದ, ಹೆಂಡತಿ ಮಕ್ಕಳಿರೋ ಗಂಡಸು, ಒಂದು ಕಣ್ಣಿಗೆ ಕರ್ಚೀಪು ಒತ್ಕೊಂಡು. ಕಣ್ಣಿಗೆ ಅಂದ. ಪೆಟ್ಟಿಗೆ ಮೇಲೆ ಕೂರ್ಸ್ದೆ. ಗಲ್ಲ ಹಿಡಿದು ಬಿಸಿಲಿಗೆ ತಿರುಗ್ಸಿ, ನನ್ನ ಕತ್ತು ಬಲಕ್ಕೆ ತಿರುಗ್ಸಿ, ಎಡಗಣ್ಣು ಮುಂದಕ್ಕೆ ತಂದು ಹುಡುಕ್ದೆ.

ಅಷ್ಟು ನೋವಲ್ಲೂ ಅವನಿಗೆ ನಗು ಬಂತು. "ಏನಜ್ಜ, ಒಳ್ಳೇ ಕೋಳಿ ನೋಡ್ದಂಗೆ ನೋಡ್ತೀಯಲ್ಲ."

"ಅಲ್ಲಾಡಬೇಡ ಕಣೋ" ಅಂದೆ. ಕರಿಗುಡ್ಡೆ ಅಂಚಲ್ಲಿ, ಸಾಸಿವೆಗಿಂತ ಚಿಕ್ಕದು, ಬೆಳ್ಳಗೆ ಇತ್ತು.

ಗ್ರೈಂಡರ್ ಪ್ಲಗ್ ಕಿತ್ತು, ರಸ್ತೆಗಿಳಿದು ಆಟೋ ನಿಲ್ಸ್ದೆ. ಪಕ್ಕ ಕೂತು ಅವನ ಎರಡೂ ಮಣಿಕಟ್ಟು ಹಿಡ್ಕೊಂಡೆ.